ದಕ್ಕೆಯ ಹಲಗೆ

ಹೊನ್ನಾವರದ ದಕ್ಕೆಯಿಂದ ಹೊಳೆಯ ನಡುವಿನ ಮಾವಿನಕುರ್ವೆ ದ್ವೀಪಕ್ಕೆ ಹೋಗುವ ದೋಣಿಗಳಲ್ಲಿ ಶನಿಯಾರನದೊಂದೇ ಸದ್ದಿಲ್ಲದ ದೋಣಿ. ಹುಟ್ಟು ದೋಣಿಯ ಅಂಚಿಗೆ ತಾಗುವ ಕಡೆಯಲ್ಲೆಲ್ಲ ಅವನು ಹಳೆಯ ಗೋಣಿಯ ತುಂಡನ್ನು ಸುತ್ತಿ, ಅದರ ಮೇಲೆ ಕತ್ತದ ಹಗ್ಗ ಬಿಗಿದಿದ್ದ. ಅಂಚಿಗೂ ಗೋಣಿಯನ್ನೇ ಹೊಲಿದಿದ್ದ. ಹುಟ್ಟು ನೀರಿಗೆ ಇಳಿಯುವುದೂ ಏಳುವುದೂ ಕಣ್ಣಿಗೆ ಕಾಣುತ್ತಿತ್ತೇ ಹೊರತು ಕಿವಿಗೆ ಕೇಳುತ್ತಿರಲಿಲ್ಲ.

"ಎಂತ ಶನಿಯಾರಾ, ನಿನ್ನ ಹುಟ್ಟಿಗೆ ಥಂಡಿ ಆತನಾ? ಕಂಬಳಿ ಹೊದಿಸಿದ್ಯಲ್ಲ!" ಎಂದು ದಿನವೂ ಪೇಟೆಗೆ ಹೋಗಿ ಬರುವ ಮಾಬ್ಲ ಕೆಣಕುತ್ತಿದ್ದ.

"ಗೋಣಿ ಇನ್ನೊಂದು ತುಂಡು ಉಳಿದದೆ. ನಿನ್ನ ಬಾಯಿಗೆ ಬೇಕಾ?"

ದೋಣಿಯಲ್ಲಿದ್ದವರು ನಗುತ್ತಿದ್ದರು. ಶನಿಯಾರ ನಗುತ್ತಿರಲಿಲ್ಲ. ಅವನ ಮಾತು ಅಲ್ಲಿಗೆ ಮುಗಿಯುತ್ತಿತ್ತು.

ಮೊದಲು ಹೊನ್ನಾವರದ ಕಡೆಯ ದಕ್ಕೆಯಲ್ಲಿ, ಹೊನ್ನೆ ಮರದ ಕೊಂಬೆಗೆ ಒಂದು ಹಲಸಿನ ಹಲಗೆ ಜೋತುಬಿದ್ದಿರುತ್ತಿತ್ತು. ದೋಣಿ ಆಚೆ ದಡದಲ್ಲಿದ್ದರೆ, ಬಂದವರು ಪಕ್ಕದಲ್ಲಿಟ್ಟ ಮರದ ಕೊಡತಿಯಿಂದ ಆ ಹಲಗೆಗೆ ಬಡಿಯಬೇಕು. ಸದ್ದು ಹೊಳೆ ದಾಟಿ ಹೋಗುತ್ತಿತ್ತು, ದೋಣಿಯವನು ಬರುತ್ತಿದ್ದ. ಶನಿಯಾರ ದೋಣಿ ಬಿಡಲು ಶುರು ಮಾಡಿದ ವರ್ಷವೇ ಆ ಹಲಗೆಯನ್ನು ಬಿಚ್ಚಿ ತನ್ನ ಮನೆಯ ಅಟ್ಟಕ್ಕೆ ಹಾಕಿದ. ಕೇಳಿದವರಿಗೆ, "ಕೂಗಿ. ನಂಗೆ ಕಿವಿ ಅದೆ" ಎಂದ. ಮಿಲಿಟರಿಯಿಂದ ಬಂದವನು, ಸ್ವಲ್ಪ ವಿಚಿತ್ರ ಎಂದು ಜನ ಕೂಗಲು ರೂಢಿ ಮಾಡಿಕೊಂಡರು.

ಶನಿಯಾರ ಮೀನುಗಾರರ ಮನೆಯ ಹುಡುಗ. ಅವನಿಗೆ ನಡೆಯಲು ಬಂದದ್ದೂ ಹುಟ್ಟು ಹಾಕಲು ಬಂದದ್ದೂ ಹೆಚ್ಚುಕಡಿಮೆ ಒಟ್ಟಿಗೇ. ಅವನ ಕಡೆಯವರಿಗೆಲ್ಲ ಒಂದು ಅಭ್ಯಾಸ. ಹುಟ್ಟು ಹಾಕುವುದು ಮುಗಿದ ಮೇಲೆ, ಅದನ್ನು ದೋಣಿಯೊಳಗೆ ಇಡುವ ಮೊದಲು, ಅಂಚಿಗೆ ಒಮ್ಮೆ ಟಕ್ ಎಂದು ಕುಟ್ಟಿ ನೀರು ಉದುರಿಸುವುದು. ಒದ್ದೆ ಹುಟ್ಟನ್ನು ಹಾಗೇ ಒಳಗಿಟ್ಟರೆ ಹಿರಿಯರು ಬೈಯುತ್ತಿದ್ದರು. ಕೈ ತಾನಾಗಿಯೇ ಮಾಡುವ ಕೆಲಸ ಅದು. ಮನಸ್ಸಿಗೆ ಗೊತ್ತೇ ಆಗುವುದಿಲ್ಲ.

ಹತ್ತೊಂಬತ್ತುನೂರ ಎಪ್ಪತ್ತೊಂದರ ಡಿಸೆಂಬರಿನಲ್ಲಿ ಶನಿಯಾರನ ತುಕಡಿ ಪೂರ್ವ ಬಂಗಾಳದ ಒಂದು ನದಿಯನ್ನು ದಾಟಬೇಕಾಯಿತು. ಆ ನದಿಯ ಹೆಸರು ಅವನಿಗೆ ಕೊನೆಗೂ ತಿಳಿಯಲಿಲ್ಲ. ಬೆಳಗಿನ ಮಂಜು ದಟ್ಟವಾಗಿತ್ತು. ಉಸಿರೂ ಕೇಳಬಾರದೆಂದು ಅಪ್ಪಣೆಯಾಗಿತ್ತು. ದೋಣಿ ನಡೆಸಲು ಬರುವವನು ಇವನೊಬ್ಬನೇ ಎಂದು ಹುಟ್ಟನ್ನು ಇವನ ಕೈಗೇ ಕೊಟ್ಟಿದ್ದರು. ಅವನು ಮೀನಿಗೂ ತಿಳಿಯದ ಹಾಗೆ ದೋಣಿ ನಡೆಸಿದ. ಆಚೆ ದಡ ಹತ್ತಿರವಾಯಿತು, ದೋಣಿ ತಾನೇ ತೇಲತೊಡಗಿತು. ಇನ್ನು ಹುಟ್ಟು ಬೇಡವೆಂದು ಅವನು ಅದನ್ನು ಎತ್ತಿದ. ಅಂಚಿಗೆ ಟಕ್ ಎಂದು ಕುಟ್ಟಿದ.

ದಡದಿಂದ ಗುಂಡು ಬಂತು. ಮುಂದೆ ಕೂತಿದ್ದ ಸಾತಾರೆಯ ಗೆಳೆಯ ಶೇಲಾರ ಇವನ ಮೊಣಕಾಲಿನ ಮೇಲೆ ತಲೆಯಿಟ್ಟು ಮಲಗಿದವನು ಏಳಲಿಲ್ಲ. ಹಿಂದಿನ ದಿನವಷ್ಟೇ ಅವನು, "ಯುದ್ಧ ಮುಗಿದ ಮೇಲೆ ನಿಮ್ಮ ಸಮುದ್ರ ನೋಡಲು ಬರುತ್ತೇನೆ, ಮೀನು ಮಾತ್ರ ತಿನ್ನುವುದಿಲ್ಲ" ಎಂದು ಮರಾಠಿಯಲ್ಲಿ ತಮಾಷೆ ಮಾಡಿದ್ದ. ಯಾರೂ ಶನಿಯಾರನನ್ನು ಏನೂ ಕೇಳಲಿಲ್ಲ. ಆ ಗಡಿಬಿಡಿಯಲ್ಲಿ ಆ ಸದ್ದನ್ನು ಬೇರೆ ಯಾರಾದರೂ ಕೇಳಿದರೋ ಇಲ್ಲವೋ ಅದೂ ಅವನಿಗೆ ಗೊತ್ತಾಗಲಿಲ್ಲ.

ಊರಿಗೆ ಬಂದ ಮೇಲೆ ಮದುವೆ ಮಾಡಿದರು. ಹೆಂಡತಿ ದುರ್ಗಿ ಭಟ್ಕಳದ ಕಡೆಯವಳು, ಒಣಮೀನಿನ ವ್ಯಾಪಾರದಲ್ಲಿ ಬೆಳೆದವಳು. ಕೆಲಸಗಾತಿ, ಬಾಯಿ ಜೋರು. ಆದರೆ ಅವಳ ಕೆಲಸವೆಲ್ಲ ಬಡಿತದ್ದೇ. ಒಣಗಿಸಿದ ಮೀನನ್ನು ಕಲ್ಲಿಗೆ ಬಡಿದು ಮರಳು, ಉಪ್ಪು ಉದುರಿಸಬೇಕು. ಮೆಣಸು ಕುಟ್ಟಬೇಕು, ಬಟ್ಟೆ ಒಗೆಯಬೇಕು. ಶನಿಯಾರ ಮೊದಲು ಮನೆ ಬಿಟ್ಟು ಹೊರಗೆ ಹೋಗುತ್ತಿದ್ದ. ಆಮೇಲೆ "ಬಡಿಬೇಡ" ಎನ್ನತೊಡಗಿದ. ಅವಳು ಮೆಣಸನ್ನು ನೆರೆಮನೆಗೆ ಹೊತ್ತಳು, ಬಟ್ಟೆಯನ್ನು ದೂರದ ಕೆರೆಗೆ ಹೊತ್ತಳು. ಏಕೆ ಎಂದು ಕೇಳಿದರೆ ಅವನು ಹೊಳೆಯ ಕಡೆ ಮುಖ ತಿರುಗಿಸುತ್ತಿದ್ದ.

ಯುದ್ಧಭೂಮಿಯಿಂದ ಏನೋ ಗಾಳಿ ಹಿಂದೆ ಬಂದಿದೆ ಎಂದರು ಜನ. ಬಿಡಿಸಲು ಬಂದವನು ಡೋಲು ಬಾರಿಸಿದ. ಶನಿಯಾರ ಎದ್ದು ಓಡಿ ಹೋಗಿ ಎದೆಮಟ್ಟದ ನೀರಿನಲ್ಲಿ ನಿಂತ. ಕತ್ತಲಾಗುವವರೆಗೂ ದಡಕ್ಕೆ ಬರಲಿಲ್ಲ.

ಒಂದು ಮಧ್ಯಾಹ್ನ, ಅವನು ದಕ್ಕೆಯಲ್ಲಿದ್ದಾನೆಂದು ನಂಬಿ ದುರ್ಗಿ ಅಂಗಳದಲ್ಲಿ ಒಣ ಬಂಗಡೆ ಮೀನು ಬಡಿಯುತ್ತಿದ್ದಳು. ಹಿಂದಿನಿಂದ ಬಂದ ಶನಿಯಾರ ಅವಳ ಮಣಿಕಟ್ಟು ಹಿಡಿದು ತಿರುಚಿದ. ಅವಳು ಕೂಗಿದ ಮೇಲೆಯೇ ಅವನಿಗೆ ತಾನು ಎಲ್ಲಿದ್ದೇನೆಂದು ತಿಳಿದದ್ದು.

"ಬಡಿದೇ ಹೊಟ್ಟೆ ಹೊರೆವವರು ನಾವು. ನನ್ನ ಕೈಯ ಸದ್ದೇ ನಿಮಗೆ ಆಗೂದಿಲ್ಲ ಅಂದ್ರೆ ನಾ ಯಾಕೆ ಇರಬೇಕು?" ಎಂದು ಅವಳು ಬುಟ್ಟಿ ತಲೆಯ ಮೇಲಿಟ್ಟುಕೊಂಡಳು. ತವರಿಗೆ ಹೊರಟ ಅವಳನ್ನು ಹೊಳೆ ದಾಟಿಸಿದವನು ಶನಿಯಾರನೇ. ದಾರಿಯುದ್ದಕ್ಕೂ ದೋಣಿ ಸದ್ದು ಮಾಡಲಿಲ್ಲ.

ಅದಾಗಿ ಐದು ವರ್ಷ ಕಳೆದಿತ್ತು. ಎಂಬತ್ತನಾಲ್ಕರ ಮಳೆಗಾಲ ಮುಗಿದ ಮೇಲೆ ಹೊಳನಗದ್ದೆಯ ಸೀತಾ ಪಟಗಾರ ಎಂಬಾಕೆ ದ್ವೀಪಕ್ಕೆ ಬಂದಳು. ತಂದೆ ತಿಮ್ಮಪ್ಪ ಗದ್ದೆ ಕೆಲಸದವನು. ಮಗಳು ಬೆಂಗಳೂರಿನಲ್ಲಿ ಮನಃಶಾಸ್ತ್ರ ಓದಿ, ಆಸ್ಪತ್ರೆಯಲ್ಲಿ ಮನಸ್ಸಿನ ಕಾಯಿಲೆಗಳನ್ನು ನೋಡುತ್ತಿದ್ದಳು. ಯುದ್ಧ ಮುಗಿದರೂ ಕೆಲವು ಸೈನಿಕರ ಒಳಗೆ ಅದು ಮುಗಿಯುವುದಿಲ್ಲ ಎಂಬುದನ್ನು ಹೊರದೇಶದ ವೈದ್ಯರು ಕೆಲವೇ ವರ್ಷದ ಹಿಂದೆ ಒಂದು ಕಾಯಿಲೆಯೆಂದು ಹೆಸರಿಟ್ಟು ಒಪ್ಪಿಕೊಂಡಿದ್ದರು. ನಮ್ಮ ಊರುಗಳಿಗೆ ಮರಳಿದವರಲ್ಲಿ ಅದು ಹೇಗಿದೆ ಎಂಬುದು ಸೀತಾಳ ಸಂಶೋಧನೆ. ಕುಮಟಾ, ಹೊನ್ನಾವರ, ಭಟ್ಕಳ ತಾಲೂಕುಗಳ ಮಾಜಿ ಸೈನಿಕರನ್ನು ಅವಳು ಹುಡುಕಿಕೊಂಡು ಹೋಗುತ್ತಿದ್ದಳು. ಕತಗಾಲದಲ್ಲೊಬ್ಬ ಗೋಡೆಗೆ ಬೆನ್ನು ಕೊಡದೆ ಊಟಕ್ಕೆ ಕೂರುತ್ತಿರಲಿಲ್ಲ. ಭಟ್ಕಳದಲ್ಲೊಬ್ಬ ಎಲ್ಲಕ್ಕೂ "ಸಬ್ ಠೀಕ್" ಎಂದು ಚಹಾ ಕೊಟ್ಟು ಕಳಿಸಿದ್ದ.

ಶನಿಯಾರನೂ ಅದನ್ನೇ ಹೇಳಿದ.

"ನಿದ್ದೆ ಬತ್ತದಾ?"

"ಬತ್ತದೆ."

"ಕೆಟ್ಟ ಕನಸು?"

"ಇಲ್ಲ."

ಸುಳ್ಳಲ್ಲ. ಅವನಿಗೆ ಕನಸು ಬೀಳುತ್ತಿರಲಿಲ್ಲ. ಸೀತಾ ತಂದ ಪ್ರಶ್ನೆಗಳಲ್ಲಿ ಮರಕ್ಕೆ ಮರ ಬಡಿಯುವುದರ ವಿಷಯವೇ ಇರಲಿಲ್ಲ. ಅವಳು ಎದ್ದಳು. ವಾಪಸು ದಾಟಿಸುವಾಗ ಗೋಣಿ ಸುತ್ತಿದ ಹುಟ್ಟನ್ನು ಬಹಳ ಹೊತ್ತು ನೋಡಿದಳು.

"ಇದು ಎಂತಕ್ಕೆ?"

"ಸದ್ದಾಗ್ತದೆ."

ಅವಳು ಮುಂದೆ ಕೇಳಲಿಲ್ಲ. ಆದರೆ ಮುಂದಿನ ವಾರ ಮತ್ತೆ ಬಂದಳು, ಅದರ ಮುಂದಿನ ವಾರವೂ ಬಂದಳು. ದ್ವೀಪದಲ್ಲಿ ಯಾರ ಮನೆಗೂ ಹೋಗದೆ ಸುಮ್ಮನೆ ಆಚೆ ಈಚೆ ದಾಟುತ್ತಿದ್ದಳು. "ಈ ಹುಡುಗಿಗೂ ಗಾಳಿ ಹಿಡೀತು" ಎಂದ ಮಾಬ್ಲ. ಒಂದು ಸಂಜೆ ದೋಣಿಯಲ್ಲಿ ಇಬ್ಬರೇ ಇದ್ದಾಗ, ಹೊಳೆಯ ನಡುವೆ, ಶನಿಯಾರ ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಹೇಳತೊಡಗಿದ. ಇಳಿತದ ನೀರು ದೋಣಿಯನ್ನು ಕಡಲಿನ ಕಡೆ ಎಳೆಯುತ್ತಿತ್ತು. ಅವಳು ಅವನ ಮಾತನ್ನು ತಡೆಯಲಿಲ್ಲ.

"ನನ್ನಿಂದಲೇ ಆದದ್ದಾ ಅದು?" ಎಂದ ಕೊನೆಗೆ.

"ನಂಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗೂದಿಲ್ಲ," ಎಂದಳು ಸೀತಾ. "ಆದ್ರೆ ನಿಮಗೆ ಹಿಡಿದದ್ದು ಗಾಳಿ ಅಲ್ಲ. ಬೇರೆ ಬೇರೆ ದೇಶದಲ್ಲಿ ನಿಮ್ಮ ಹಾಗೇ ಆದವರು ಇದ್ದಾರೆ. ಅದಕ್ಕೊಂದು ಹೆಸರೂ ಅದೆ."

"ಹೆಸರಿಟ್ರೆ ಹೋಗ್ತದಾ?"

"ಹೋಗೂದಿಲ್ಲ. ಹೇಳಿದ್ರೆ ಒಂದಿಷ್ಟು ತಡ್ಕಳ್ಳಲಿಕ್ಕೆ ಆಗ್ತದೆ. ಇದನ್ನ ಇನ್ಯಾರಿಗೆ ಹೇಳಿದ್ದೀರಿ?"

ಅವನು ಇಲ್ಲವೆಂದು ತಲೆಯಾಡಿಸಿದ.

"ನಿಮ್ಮ ಹೆಂಡತಿಗೂ ಇಲ್ವಾ?"

ಶನಿಯಾರ ಹುಟ್ಟು ಎತ್ತಿಕೊಂಡ. ದೋಣಿ ಬಹಳ ದೂರ ಹೋಗಿಬಿಟ್ಟಿತ್ತು. ದಡ ಮುಟ್ಟಿಸಲು ಅವನ ತೋಳೆಲ್ಲ ನೋಯಿತು.

ಸೀತಾ ಬೆಂಗಳೂರಿಗೆ ಹೋದ ಮೇಲೆ ಅವನಿಗೆ ಮಾತಿಗೆ ಯಾರೂ ಉಳಿಯಲಿಲ್ಲ. ಮೊದಲೂ ಯಾರೂ ಇರಲಿಲ್ಲ. ಆದರೆ ಒಮ್ಮೆ ಹೇಳಿದ ಮೇಲೆ ಹೇಳದೆ ಇರುವುದು ಕಷ್ಟವಾಯಿತು. ಒಂದು ದಿನ ದೋಣಿಯನ್ನು ಮಾಬ್ಲನಿಗೆ ಒಪ್ಪಿಸಿ ಅವನು ಭಟ್ಕಳದ ಬಸ್ಸು ಹತ್ತಿದ.

ಮೀನುಪೇಟೆಯಲ್ಲಿ ದುರ್ಗಿ ಒಣಮೀನಿನ ರಾಶಿಯ ಹಿಂದೆ ಕೂತಿದ್ದಳು. ಗಿರಾಕಿಯೊಬ್ಬಳೊಡನೆ ಅವಳದೇ ನವಾಯತಿ ಭಾಷೆಯಲ್ಲಿ ಜಗಳವಾಡುತ್ತ, ಬಂಗಡೆಗಳನ್ನು ಕಲ್ಲಿಗೆ ಬಡಿದು ಬಡಿದು ಹಾಕುತ್ತಿದ್ದಳು. ಆ ಸದ್ದಿಗೆ ಶನಿಯಾರನ ಕಾಲು ಅಲ್ಲೇ ನಿಂತಿತು. ಅವನು ಹಲ್ಲು ಕಚ್ಚಿ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ.

"ಎಂತ, ದೋಣಿ ಮುಳುಗ್ತಾ?" ಎಂದಳು ದುರ್ಗಿ.

"ಇಲ್ಲ."

"ಮತ್ತೆ? ನಿಮ್ಮೂರ ಹೊಳೆಲಿ ಮೀನು ಸತ್ತೋದ್ವಾ?"

ಪಕ್ಕದಲ್ಲಿ ಕೂತಿದ್ದ ತಿಮ್ಮಕ್ಕ ಎಂಬ ಮುದುಕಿ, "ಗಂಡ ಬಂದನೆ, ಒಂದು ಚಾ ಆದ್ರೂ ಕುಡಿಸೇ" ಎಂದಳು.

"ಅದ್ಕೂ ಆಗೂದಿಲ್ಲ ತಿಮ್ಮಕ್ಕಾ. ಲೋಟ ಕುಟ್ಟಿಟ್ರೆ ಓಡಿಹೋಪ ಗಂಡ ಇವ."

ತಿಮ್ಮಕ್ಕ ನಕ್ಕಳು. ಆದರೆ ಅವನ ಮುಖ ನೋಡಿದ ದುರ್ಗಿಯ ಕೈ ತಾನಾಗಿ ನಿಂತಿತು.

"ನಿಲ್ಲಿಸ್ಬೇಡ. ಬಡಿ," ಎಂದ ಶನಿಯಾರ. "ನಾ ಹೇಳ್ತೆ."

ಅವಳು ಬಡಿದಳು. ಅವನು ಹೇಳಿದ. ಪ್ರತಿ ಬಡಿತಕ್ಕೂ ಅವನ ಹೆಗಲು ಕುಗ್ಗುತ್ತಿತ್ತು, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಮಂಜು, ಹುಟ್ಟು, ಶೇಲಾರನ ತಲೆಯ ಭಾರ, ಎಲ್ಲ ಹೇಳಿದ. ಮುಗಿಯುವ ಹೊತ್ತಿಗೆ ರಾಶಿಯೂ ಮುಗಿದಿತ್ತು.

ದುರ್ಗಿ ಕೈಗೆ ಹತ್ತಿದ ಉಪ್ಪನ್ನು ಒರೆಸಿಕೊಂಡಳು.

"ಇದನ್ನ ಆವಾಗ ಹೇಳಲಿಕ್ಕೆ ಎಂತ ಆಗಿತ್ತು ನಿಮಗೆ?" ಎಂದಳು. "ನಂದೇ ಕಾಲ್ಗುಣ ಅಂದ್ರು ಜನ. ನಾನೂ ಹೌದು ಅಂತ ಎಣಿಸ್ಕಂಡೆ. ಇಷ್ಟು ವರ್ಷ ಈ ಕೈ ನೋಡ್ಕಂಡು ಕೂತೆ, ಇದರಲ್ಲಿ ಎಂತ ತಪ್ಪು ಅದೆ ಅಂತ."

"ಬತ್ತೀಯಾ?" ಎಂದಷ್ಟೇ ಅವನು ಕೇಳಿದ.

"ಇಲ್ಲಿ ಅವ್ವಿಗೆ ಕಣ್ಣು ಕಾಣೂದಿಲ್ಲ. ವ್ಯಾಪಾರ ಅದೆ. ಬತ್ತೆ ಅಂತ ಹೇಳೂದಿಲ್ಲ, ಬರೂದಿಲ್ಲ ಅಂತಲೂ ಹೇಳೂದಿಲ್ಲ." ಅವಳು ಖಾಲಿ ಬುಟ್ಟಿಯನ್ನು ಬೋರಲು ಹಾಕಿದಳು. "ಆದ್ರೆ ಒಂದು ಕೇಳಿ. ಬಂದ್ರೆ ನಾ ದಕ್ಕೆಲಿ ನಿಂತು ಕೂಗೂದಿಲ್ಲ. ಪೇಟೆಲಿ ಕೂಗಿ ಕೂಗಿ ನನ್ನ ಗಂಟ್ಲು ಹೋಗಿಬಿಟ್ಟದೆ. ಆ ಹಲಗೆ ಕಟ್ಟಿ. ಬಂದ್ರೆ ಬಡಿತೆ."

ಮರುದಿನ ಬೆಳಿಗ್ಗೆ ಶನಿಯಾರ ಅಟ್ಟ ಹತ್ತಿ ಹಲಗೆ ಇಳಿಸಿದ. ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ಹೊಸ ಹಗ್ಗ ಹಾಕಿ ಹೊನ್ನೆ ಮರಕ್ಕೆ ಕಟ್ಟಿದ. ಕೊಡತಿಯನ್ನೂ ಕೆತ್ತಿ ಪಕ್ಕದಲ್ಲಿಟ್ಟ. ಹುಟ್ಟಿನ ಗೋಣಿಯನ್ನು ಮಾತ್ರ ಬಿಚ್ಚಲಿಲ್ಲ.

ಮೊದಲು ಬಡಿದವನು ಮಾಬ್ಲ. ಬೇಕೆಂದೇ ಜೋರಾಗಿ ಬಡಿದ. ಆಚೆ ದಡದಲ್ಲಿದ್ದ ಶನಿಯಾರ ಕಣ್ಣು ಮುಚ್ಚಿ ದೋಣಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ. ಉಸಿರು ತಹಬಂದಿಗೆ ಬಂದ ಮೇಲೆ ಹೋಗಿ ಕರೆತಂದ. "ತಡ ಮಾಡ್ದೆ" ಎಂದ ಮಾಬ್ಲ. "ಬಂದೆ ಅಲ್ವಾ" ಎಂದ ಶನಿಯಾರ.

ಆಮೇಲೆ ಪೇಟೆಗೆ ಹೋದವರು ಬಡಿದರು, ನೆಂಟರು ಬಡಿದರು, ಶಾಲೆಯ ಮಾಸ್ತರರು ಬಡಿದರು. ಒಂದು ಮಳೆಗಾಲ ಹೋಗಿ ಇನ್ನೊಂದು ಬಂತು. ಪ್ರತಿ ಸಲವೂ ಅವನ ಕೈ ಮೊದಲು ದೋಣಿಯ ಅಂಚನ್ನು ಹಿಡಿಯುತ್ತಿತ್ತು. ಆದರೂ ಅವನು ನೀರಿಗೆ ಓಡಿ ಇಳಿಯಲಿಲ್ಲ, ಕಿವಿ ಮುಚ್ಚಿಕೊಳ್ಳಲಿಲ್ಲ. ಮಳೆಯ ಪರದೆಯ ಆಚೆ, ಮರದ ಕೆಳಗೆ ನಿಂತವರ ಮುಖ ಇಲ್ಲಿಂದ ಕಾಣುವುದಿಲ್ಲ. ಹಾಗಾಗಿ ಹಲಗೆ ಬಡಿದಾಗಲೆಲ್ಲ ಶನಿಯಾರ ಎದ್ದು ಹುಟ್ಟು ತೆಗೆದುಕೊಳ್ಳುತ್ತಿದ್ದ, ಬಂದವರು ಯಾರೆಂದು ನೋಡಲು ಆಚೆ ದಡದವರೆಗೂ ಹೋಗುತ್ತಿದ್ದ.