ಏರಿದ ತೂಕ

ಬೀದಿಯವರು ಅವಳಿಗಿಟ್ಟ ಹೆಸರು ತೂಕದಮ್ಮ. ಆರೋಗ್ಯ ಕೇಂದ್ರದ ಪರವಾಗಿ ಮನೆಮನೆಗೆ ಹೋಗಿ ಚಿಕ್ಕ ಮಕ್ಕಳನ್ನು ತೂಗುವುದು ಅವಳ ಕೆಲಸ. ಬಾಗಿಲ ಮೇಲಿನ ಕೊಕ್ಕೆಗೆ ತಕ್ಕಡಿ ನೇತುಹಾಕಿ, ಬಟ್ಟೆಯ ಜೋಲಿಯಲ್ಲಿ ಮಗುವನ್ನು ಕೂರಿಸಿ, ಅದು ಕಿರುಚಿ ಒದ್ದು ಸುಸ್ತಾಗಿ ಮುಳ್ಳು ನಿಲ್ಲುವವರೆಗೆ ಕಾಯುತ್ತಿದ್ದಳು. ಬಸ್ಸಿನಲ್ಲಿ ಕೂತರೂ ಎದುರು ಸೀಟಿನ ಮಗುವಿನ ತೋಳಿನ ಮೇಲೇ ಅವಳ ಕಣ್ಣು.

"ಊಟಕ್ಕೆ ಕರೆದವರ ಮಕ್ಕಳ ತೋಳನ್ನೂ ಹಿಡಿದು ನೋಡ್ತೀಯಲ್ಲ. ಇನ್ನು ನಮ್ಮನ್ನ ಯಾರೂ ಕರೆಯಲ್ಲ ಬಿಡು" ಎಂದು ಗಂಡ ಗೊಣಗುತ್ತಿದ್ದ.

ಅವತ್ತು ಮಧ್ಯಾಹ್ನ ಇಸ್ತ್ರಿಯವಳ ಮಗನನ್ನು ತೂಗಿದ್ದಳು. ಇಸ್ತ್ರಿಯವಳು ಬೆಳಕು ಹರಿಯುವ ಮೊದಲೇ ಲಾಂಡ್ರಿಗೆ ಹೋಗುವವಳು. ಎರಡು ವರ್ಷದ ಮಗುವಿಗೆ ಮೊಲೆ ಬಿಡಿಸಿ ಅತ್ತೆಯ ಕೈಗೆ ಒಪ್ಪಿಸಿದ್ದಳು. ಹಿಂದಿನ ತಿಂಗಳು ಕಡ್ಡಿಯಂತಿದ್ದ ಹುಡುಗನ ಕೆನ್ನೆ ಈಗ ಉಬ್ಬಿತ್ತು, ಮುಳ್ಳೂ ಏರಿತ್ತು. "ಚೆನ್ನಾಗಿ ಏರಿದೆ ಅಜ್ಜಿ" ಎಂದು ಹೇಳಿ ತೂಕದಮ್ಮ ಮುಂದಿನ ಮನೆಗೆ ನಡೆದಿದ್ದಳು. ಅಜ್ಜಿ ಅದನ್ನು ಮೆಟ್ಟಿಲ ಮೇಲೆ ಸಿಕ್ಕವರಿಗೆಲ್ಲ ಹೇಳಿ, ಮೊಮ್ಮಗನಿಗೆ ಗುಂಡ ಎಂದು ಹೆಸರಿಟ್ಟೂ ಆಗಿತ್ತು.

ಸಂಜೆ ಈರುಳ್ಳಿ ಹೆಚ್ಚುತ್ತಿದ್ದ ತೂಕದಮ್ಮನ ಕೈ ನಿಂತಿತು. ಆ ಹುಡುಗ ಒದೆಯಲೇ ಇಲ್ಲ. ಜೋಲಿಯಲ್ಲಿ ಹಿಟ್ಟಿನ ಚೀಲದ ಹಾಗೆ ಕೂತಿದ್ದ. ತೂಗುವ ಮೊದಲು ಪ್ರತಿ ಮಗುವಿನ ಪಾದವನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಬೇಕೆಂದು ಕೇಂದ್ರದಲ್ಲಿ ಕಲಿಸಿದ್ದರು. ಬರಬರುತ್ತಾ ಅವಳು ಬಡಕಲು ಮಕ್ಕಳದ್ದನ್ನು ಮಾತ್ರ ಒತ್ತುತ್ತಿದ್ದಳು. ಕೆನ್ನೆ ತುಂಬಿದವರ ಕಾಲನ್ನು ನೋಡುವುದೇನಿದೆ ಎಂಬ ಉದಾಸೀನ.

ಒಲೆ ಆರಿಸಿ ಎದ್ದಳು. "ಈಗೆಲ್ಲಿಗೆ?" ಎಂದು ಗಂಡ ಕೇಳುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಬಿದ್ದಿದ್ದಳು.

ಇಸ್ತ್ರಿಯವಳ ಮೂರನೇ ಮಹಡಿಯ ಒಂಟಿ ಕೋಣೆಯಲ್ಲಿ ಗುಂಡ ಗೋಡೆಗೆ ಒರಗಿ ಕೂತಿದ್ದ. ತೂಕದಮ್ಮ ಅವನ ಎರಡೂ ಪಾದಗಳನ್ನು ಒತ್ತಿ ಹಿಡಿದು ಬಿಟ್ಟಳು. ಬೆರಳೊತ್ತಿದ ಜಾಗದಲ್ಲಿ ಎರಡು ಕುಳಿಗಳು ಹಾಗೇ ಉಳಿದವು.

"ಅಜ್ಜಿ, ಇದು ಮೈಯಲ್ಲ, ನೀರು. ಸತ್ವವಿಲ್ಲದ ಊಟಕ್ಕೆ ಬರೋ ಊತ. ಈಗಲೇ ಆಸ್ಪತ್ರೆಗೆ ಹೋಗಬೇಕು."

"ಮಧ್ಯಾಹ್ನ ಏರಿದೆ ಅಂದ್ರಿ, ಸಂಜೆ ರೋಗ ಅಂತೀರಿ. ನಿಮ್ಮದು ತಕ್ಕಡೀನೋ ಗಾಳಿಪಟಾನೋ?" ಅಜ್ಜಿ ಮೊಮ್ಮಗನನ್ನು ಮಡಿಲಿಗೆ ಎಳೆದುಕೊಂಡಳು. "ದಿನಕ್ಕೆ ನಾಲ್ಕು ಸಲ ಗಂಜಿ ಕುಡಿಸ್ತೀನಿ. ನಾನೇನು ಉಪವಾಸ ಕೆಡವಿದ್ದೀನಾ?"

"ಬರೀ ಗಂಜಿ ಹೊಟ್ಟೆ ತುಂಬಿಸುತ್ತೆ, ಮಗೂನ ಬೆಳೆಸಲ್ಲ."

"ಹಾಗಾದ್ರೆ ತಪ್ಪು ನಂದು ಅನ್ನಿ."

ಅಷ್ಟರಲ್ಲಿ ಇಸ್ತ್ರಿಯವಳು ಬಂದಳು. ವಿಷಯ ಕೇಳಿ ಮಗನ ಪಾದ ಮುಟ್ಟಿ ನೋಡಿದಳು. "ನಾಳೆ ಕೆಲಸ ಮುಗಿಸಿ ಕರ್ಕೊಂಡು ಹೋದ್ರೆ ಆಗಲ್ವಾ ಅಕ್ಕ? ಹೇಳದೆ ರಜ ಹಾಕಿದ್ರೆ ತೆಗೆದೇಬಿಡ್ತಾರೆ."

"ಆಗಲ್ಲ ಕಣಮ್ಮ. ನಾಳೆವರೆಗೂ ಇರ್ತಾನೆ ಅಂತ ನಾನು ಹೇಳಲಾರೆ."

ಸೊಸೆ ಅತ್ತೆಯ ಮುಖ ನೋಡಿದಳು. ಅತ್ತೆಯ ಹಿಡಿತ ಸಡಿಲವಾಗಲಿಲ್ಲ. ಪಕ್ಕದ ಮನೆಯವರು ಇಣುಕತೊಡಗಿದ್ದರು. ಮಧ್ಯಾಹ್ನವಷ್ಟೇ ಗುಂಡನ ಗುಣಗಾನ ಕೇಳಿದವರು. ಮುದುಕಿಯನ್ನು ಕಟ್ಟಿಹಾಕಿದ್ದು ಹಟವಲ್ಲ, ಈ ಮುಖಗಳು ಎಂದು ತೂಕದಮ್ಮನಿಗೆ ಹೊಳೆಯಿತು.

"ತಪ್ಪು ನನ್ನದು" ಎಂದಳು, ಮೆಟ್ಟಿಲವರೆಗೂ ಕೇಳುವಂತೆ. "ಕಾಲು ಒತ್ತಿ ನೋಡದೆ ಚೆನ್ನಾಗಿದ್ದಾನೆ ಅಂದುಬಿಟ್ಟೆ. ಅಜ್ಜಿ ನನ್ನ ಮಾತು ನಂಬಿದ್ರು, ಅಷ್ಟೆ."

ಅಜ್ಜಿ ಬಾಗಿಲಲ್ಲಿ ಇಣುಕುತ್ತಿದ್ದವರತ್ತ ಒಮ್ಮೆ ನೋಡಿದಳು. ಆಮೇಲೆ ಹುಡುಗನನ್ನು ಹೊದಿಕೆಯಲ್ಲಿ ಸುತ್ತಿ ಸೊಸೆಯ ಕೈಗಿಟ್ಟಳು. "ನಾನೂ ಬರ್ತೀನಿ. ಇವಳಿಗೆ ಡಾಕ್ಟರ ಹತ್ರ ಬಾಯೇ ಬರಲ್ಲ."

ವಾರ್ಡಿನಲ್ಲಿ ತೆಳು ಹಾಲನ್ನು ಚಮಚದಿಂದ, ಸ್ವಲ್ಪಸ್ವಲ್ಪವೇ ಕುಡಿಸಿದರು. ತೂಕದಮ್ಮ ದಿನವೂ ಹೋದಳು. ಹೋದಾಗಲೆಲ್ಲ ನರ್ಸಿನ ಹಿಂದೆ ನಿಂತು ಮುಳ್ಳು ನೋಡಿದಳು. ತೂಕ ಇಳಿಯುತ್ತಿತ್ತು. ನೀರು ಹೋಗುತ್ತಿದೆ, ಇಳಿಯಲೇಬೇಕು ಎಂದು ಡಾಕ್ಟರು ಹೇಳಿದ್ದರು, ಅವಳಿಗೂ ಅದು ಗೊತ್ತಿತ್ತು. ಆದರೆ ಇಷ್ಟು ವರ್ಷ ಮುಳ್ಳು ಏರಲಿ ಎಂದೇ ಕಾದಿದ್ದ ಜೀವ. ಒಂದು ಕಡೆ ನಿಲ್ಲಲಾರದೆ ಕಾರಿಡಾರಿನಲ್ಲಿ ಶತಪಥ ಹಾಕುತ್ತಿದ್ದಳು.

ಊತ ಪೂರ್ತಿ ಇಳಿದ ಬೆಳಿಗ್ಗೆ ಹಾಸಿಗೆಯ ಮೇಲೆ ಉಳಿದದ್ದು ಚರ್ಮ ಮತ್ತು ಮೂಳೆ. ಇಸ್ತ್ರಿಯವಳು ಮಗನ ಎದೆಗೂಡಿನ ಮೇಲೆ ಅಂಗೈ ಇಟ್ಟಳು.

"ಒಳಗೆ ಇಷ್ಟೇ ಇದ್ನಾ ಇವನು?"

ಹುಡುಗ ಅಜ್ಜಿಯ ಕೈಯಲ್ಲಿದ್ದ ಚಮಚ ಕಿತ್ತುಕೊಂಡ. ಖಾಲಿಯೆಂದು ಕಂಡು ಅದನ್ನು ಅವಳ ಮುಖಕ್ಕೇ ಎಸೆದ. "ಪೋಕರಿ" ಎಂದು ಅಜ್ಜಿ ಬೈದಳು, ಮೂಗು ಒರೆಸಿಕೊಳ್ಳುತ್ತಾ. ಇನ್ನು ಉಳಿಯುತ್ತಾನೆ ಎಂದು ಡಾಕ್ಟರು ಅವತ್ತೇ ಹೇಳಿದರು.

ಅದನ್ನು ಕೇಳಿದ ಮೇಲೆ ತೂಕದಮ್ಮ ವಾರ್ಡಿನಲ್ಲಿ ನಿಲ್ಲಲಿಲ್ಲ. ಆ ತಿಂಗಳು ತೂಕ ಏರಿದ್ದ ಬೇರೆ ಮಕ್ಕಳೂ ಇದ್ದರು. ನೆಟ್ಟಗೆ ಬೀದಿಗೆ ಬಂದು ಮೊದಲ ಬಾಗಿಲು ತಟ್ಟಿದಳು.

"ಮೊನ್ನೆ ತಾನೆ ತೂಗಿದ್ರಲ್ಲ?" ಎಂದಳು ಬಾಗಿಲು ತೆರೆದ ತಾಯಿ.

"ಹೌದು" ಎನ್ನುತ್ತಾ ತೂಕದಮ್ಮ ಹೊಸ್ತಿಲಲ್ಲೇ ಮಂಡಿಯೂರಿದಳು. "ಮಗೂನ ಕರೀರಿ. ಕಾಲು ನೋಡಬೇಕು."