ತೂಕ ಇಳಿಯದ ಚೀಲ

ದೃಷ್ಟಿ, ಶಕುನ, ಗಾಳಿ ಸೋಕುವುದು ಇಂಥವನ್ನು ನಂಬುವವಳು ನಾನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ನಂಬುವವರ ನಡುವೆಯೇ ಬೆಳೆದೆ, ಅದೂ ನಿಜ. ನನ್ನ ತವರು, ಯಲಬುರ್ಗಾ ತಾಲೂಕಿನ ಬೇವೂರಿನಲ್ಲಿ ಅಜ್ಜಿ, ಬೆಕ್ಕು ಅಡ್ಡ ಬಂದರೆ ಹೊಲದ ದಾರಿಯಲ್ಲೇ ಕುಂತು ಎಲೆ ಅಡಿಕೆ ಹಾಕಿಕೊಂಡು, ಸಾವಕಾಶ ಎದ್ದು ಮುಂದೆ ಹೋಗುತ್ತಿದ್ದಳು. ನಾನು ನಕ್ಕರೆ, "ನಗು ನಗು. ಬೆಕ್ಕಿನ ನೆವದಾಗ ನನಗ ಎಲಿ ಸಿಗತೈತಿ, ನಿನಗೇನು ಸಿಕ್ತು?" ಅನ್ನುತ್ತಿದ್ದಳು. ಮಾತು ಕಲಿತದ್ದು ಅವಳಿಂದ, ನಂಬಿಕೆ ಕಲಿಯಲಿಲ್ಲ. ಈಗ ಹೇಳಲು ಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನೇ ನಕ್ಕುಬಿಡುತ್ತಿದ್ದೆ.

ನಮ್ಮ ಮನೆಯವರು ಗಂಗಾವತಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಫೋರ್‌ಮನ್ ಆಗಿದ್ದರು. ಈಚೆಗೆ ನಮ್ಮ ಕಡೆಯ ಮಿಲ್ ಕೆಲಸ ಬಲ್ಲವರನ್ನು ಆಫ್ರಿಕಾದ ದೇಶಗಳಿಗೆ ಕರೆಯುವುದುಂಟು. ಅಲ್ಲಿಯೂ ಭತ್ತ ಬೆಳೆಯುತ್ತಾರೆ, ಮಿಲ್ ಹಾಕುತ್ತಾರೆ, ನಡೆಸುವವರು ಬೇಕು. ಇವರು ಮೊದಲ ಸಲ ತಾಂಜಾನಿಯಾಕ್ಕೆ ಒಬ್ಬರೇ ಹೋಗಿ ಎರಡು ವರ್ಷ ಇದ್ದು ಬಂದರು. ಬಂದ ದಿನ ನಮ್ಮ ಮಗಳು ಗೌರಿ ನನ್ನ ಸೀರೆಯ ಹಿಂದೆ ಅಡಗಿ, "ಯವ್ವಾ, ಈ ಮಾಮಾ ಯಾವಾಗ ಹೋಗ್ತಾನ?" ಎಂದು ಕೇಳಿದಳು. ಇವರು ನಗಲಿಕ್ಕೆ ನೋಡಿದರು, ಆಗಲಿಲ್ಲ. ಅವತ್ತೇ ನಾನು ಹೇಳಿದೆ: ಇನ್ನೊಮ್ಮೆ ಹೋಗುವುದಾದರೆ ಮೂವರೂ ಹೋಗುವುದು, ಇಲ್ಲವಾದರೆ ಯಾರೂ ಇಲ್ಲ.

ವರ್ಷ ಕಳೆದ ಮೇಲೆ ಅಲ್ಲಿಂದಲೇ ಮತ್ತೆ ಕರೆ ಬಂತು. ಮನೆ ಕೊಡುತ್ತೇವೆ, ಸಂಸಾರ ಕರೆದುಕೊಂಡು ಬರ್ರಿ ಅಂದರು. ಒಂದು ಸಂಸಾರವನ್ನು ಪರದೇಶಕ್ಕೆ ಎತ್ತಿಕೊಂಡು ಹೋಗುವುದೆಂದರೆ ಏನೆಂದು ಆಮೇಲೆ ಗೊತ್ತಾಯಿತು. ಹಳದಿ ಜ್ವರದ ಸೂಜಿ ಹಾಕಿಸಿಕೊಂಡು ಅದರ ಹಳದಿ ಚೀಟಿ ಕೈಯಲ್ಲೇ ಇಟ್ಟುಕೊಳ್ಳಬೇಕು. ಲಗ್ನದ ದಾಖಲೆಗೆ ಸರ್ಕಾರದ ಮುದ್ರೆ ಬೇಕು. ಅದಕ್ಕಾಗಿ ಕೊಪ್ಪಳಕ್ಕೆ ಓಡಾಡಿ ಬಸ್ಸಿನ ಕಂಡಕ್ಟರನಿಗೇ ನಮ್ಮ ಪರಿಚಯವಾಯಿತು. ಅಲ್ಲಿಯ ಪ್ಲಗ್ಗಿನ ತೂತು ಚೌಕ, ನಮ್ಮ ಮಿಕ್ಸರಿನ ಪಿನ್ನು ದುಂಡಗೆ. ಗೌರಿಯ ಮೂಗು ಸೋರುವ ಔಷಧಿಗೂ ಡಾಕ್ಟರ ಚೀಟಿ ಇರಬೇಕು. ರಾತ್ರಿ ಮಲಗಿದರೆ ಏನೋ ಮರೆತೆ ಅನಿಸುವುದು. ಎದ್ದು ಕುಕ್ಕರಿನ ರಬ್ಬರು ಇಟ್ಟೆನೋ ಇಲ್ಲವೋ ನೋಡುವುದು, ಮತ್ತೆ ಮಲಗುವುದು. ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ವಿಮಾನದಲ್ಲಿ ಒಬ್ಬರಿಗೆ ಮೂವತ್ತು ಕಿಲೋ ಮಾತ್ರ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಮೂರೂ ಚೀಲ ಆಟೋದಲ್ಲಿ ಹಾಕಿಕೊಂಡು ಮಿಲ್ಲಿಗೆ ಹೋದೆವು. ಭತ್ತ ತೂಗುವ ಊರಿನಲ್ಲಿ ಇದ್ದುಕೊಂಡು ಬೇರೆ ಎಲ್ಲಿ ತೂಗಬೇಕು? ಅಲ್ಲಿ ಒಂದು ಹಳೆಯ ಕಾಟಾ ಇತ್ತು. ಕೆಳಗೆ ಹಲಗೆ, ಮೇಲೆ ಕಬ್ಬಿಣದ ದಂಡಿ, ದಂಡಿಯ ಮೇಲೆ ಸರಿದಾಡುವ ಗುಂಡು. ಗುಂಡು ಸರಿಸಿ ದಂಡಿ ಸಮನಾಗಿ ನಿಂತರೆ ಅಷ್ಟೇ ತೂಕ. ಕರೆಂಟಿನ ಕಾಟಾ ಬಂದಿದ್ದರೂ ಇವರಿಗೆ ಇದರ ಮೇಲೆಯೇ ನಂಬಿಕೆ. ಏನು ತೂಗುವಾಗಲೂ ಹಲಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಒಂದು ಅನ್ನುವ ಬದಲು "ಲಾಭ" ಅನ್ನುವುದು ನಮ್ಮ ಕಡೆಯ ರೂಢಿ. ನಮ್ಮ ಚೀಲಕ್ಕೂ ಹಾಗೇ ಅಂದರು. ಇವರದು, ಗೌರಿಯದು ಸರಿಯಾಗಿ ಬಂದವು. ನನ್ನ ಚೀಲ ಮೂವತ್ತನಾಲ್ಕು ತೋರಿಸಿತು.

ಜೊತೆಗೆ ಬಂದಿದ್ದ ಶಾಂತಕ್ಕ, ಅಂದರೆ ಇವರ ಅಕ್ಕ, "ಇಡೀ ಯಲಬುರ್ಗಾ ತಾಲೂಕ ತುಂಬಿಕೊಂಡೀಯೇನು?" ಎಂದು ನಕ್ಕಳು. ನಾನು ಒಣಗಿಸಿದ ಕಟಕ ರೊಟ್ಟಿಯ ಗಂಟು ತೆಗೆದೆ. ದಂಡಿ ಕೆಳಗೆ ಬೀಳಬೇಕಿತ್ತು, ಬೀಳಲಿಲ್ಲ. ಜೋಳದ ಹಿಟ್ಟು ತೆಗೆದೆ. ದಂಡಿ ಸಮನಾಗಿಯೇ ನಿಂತಿತ್ತು. ಶೇಂಗಾ ಚಟ್ನಿ, ಕೊನೆಗೆ ಕಲ್ಲಿನ ಕುಟ್ಟಣಿಯನ್ನೂ ತೆಗೆದು ನೆಲಕ್ಕಿಟ್ಟೆ. ಗುಂಡು ಮೂವತ್ತನಾಲ್ಕರಲ್ಲೇ, ದಂಡಿ ನೆಟ್ಟಗೆ.

ಮಿಲ್ಲಿನಲ್ಲಿ ಚೀಲ ಹೊರುವ ಹಮಾಲ ಹುಸೇನಪ್ಪ ಬಂದು ಚೀಲವನ್ನು ಒಂದೇ ಕೈಯಲ್ಲಿ ಎತ್ತಿ, "ಫೋರ್‌ಮನ್ರ, ಇದರಾಗ ಏನೈತ್ರಿ? ಹತ್ತಿ ತುಂಬಿದ ದಿಂಬು ಇದ್ದಂಗೈತಿ" ಅಂದ. ಕೆಳಗಿಟ್ಟ. ಮತ್ತೆ ಮೂವತ್ತನಾಲ್ಕು.

"ಕಾಟಾ ಹಿಡಕೊಂಡೈತಿ" ಎಂದು ಇವರು ಕೀಲು ಅಲ್ಲಾಡಿಸಿ, ಊದಿ, ಎಣ್ಣೆ ಬಿಟ್ಟರು. ಚೀಲ ಇಳಿಸಿ ಗೌರಿಯನ್ನು ನಿಲ್ಲಿಸಿದರು. ಅವಳ ತೂಕ ಸರಿಯಾಗಿ ಬಂತು. ತಾವು ನಿಂತರು, ಅದೂ ಸರಿ. ಚೀಲ ಇಟ್ಟರೆ ಮತ್ತೆ ಅದೇ. ಬಿಸಿಲು ಚೆನ್ನಾಗಿತ್ತು, ಅಂಗಳದಲ್ಲಿ ಒಣಹಾಕಿದ ಭತ್ತದ ಮೇಲೆ ಗುಬ್ಬಿಗಳು ಕುಂತಿದ್ದವು. ಹೆದರುವಂಥದ್ದು ಅಲ್ಲಿ ಏನೂ ಇರಲಿಲ್ಲ.

ನನಗೆ ಸಿಟ್ಟು ಬಂತು. ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಇಲ್ಲದ ಸಿಟ್ಟು ಅದು. "ಆತು, ನನ್ನನ್ನೂ ತೂಗಿಬಿಡ್ರಿ" ಎಂದು ಹೋಗಿ ಹಲಗೆಯ ಮೇಲಿನ ಆ ಚೀಲದ ಮೇಲೇ ಕುಂತುಬಿಟ್ಟೆ. ನಾನೇನು ಸಣ್ಣ ಹೆಂಗಸಲ್ಲ. ದಂಡಿ ಟಕ್ ಅಂತ ಮೇಲಕ್ಕೆ ಬಡಿಯಬೇಕಿತ್ತು.

ಅದು ಅಲುಗಾಡಲಿಲ್ಲ. ಚೀಲ ಒಂದೇ ಇದ್ದಾಗ ಹೇಗಿತ್ತೋ ಹಾಗೆಯೇ ನಿಂತಿತ್ತು. ಅಂದರೆ ಕಾಟಾದ ಲೆಕ್ಕದಲ್ಲಿ ನಾನು ಅಲ್ಲಿ ಇರಲೇ ಇಲ್ಲ.

ನಾನು ಇವರ ಮುಖ ನೋಡಿದೆ. ಹುಟ್ಟಿದಾಗಿನಿಂದ ತೂಕ ನೋಡಿಯೇ ಬಾಳಿದ ಮನುಷ್ಯ. ಬೆರಳಿನಿಂದ ಗುಂಡನ್ನು ಚೂರು ಆಚೆ ಸರಿಸಿದರು. ದಂಡಿ ಕೆಳಗೆ ಬಿತ್ತು. ಈಚೆ ತಂದರು; ಸಮನಾಯಿತು. ಕಾಟಾ ಹಿಡಿದುಕೊಂಡಿರಲಿಲ್ಲ. "ಇಳಿ" ಅಂದರು, ಭಾಳ ಮೆಲ್ಲಗೆ.

ಶಾಂತಕ್ಕ ನಗು ಬಿಟ್ಟು ಅಳಲಿಕ್ಕೆ ಹತ್ತಿದ್ದಳು. "ತಮ್ಮಾ, ಈಕಿನ್ನ ಕರಕೊಂಡು ಹೋಗಬ್ಯಾಡ. ನೀವು ಹೊಂಟ ಆ ನೆಲ ಈಕಿನ್ನ ಒಲ್ಲೆ ಅನ್ನಾಕತ್ತೈತಿ. ನೀ ಹೋಗಿ ಬಾ, ತಾಯಿ ಮಗಳನ್ನ ನಾ ನೋಡ್ಕೋತೀನಿ."

ಇವರು ನನ್ನ ಕಡೆ ನೋಡದೇ, "ಅಕ್ಕ ಹೇಳೂದು ಖರೆ ಕಾಣತೈತಿ. ಈ ಸಲಾನೂ ಒಬ್ಬನ ಹೋಗ್ತೀನಿ" ಅಂದರು.

ನನಗೆ ಹೆದರಿಕೆ ಆಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಗೌರಿ ಆ ಹೊತ್ತಿನಲ್ಲಿ ಅಪ್ಪನ ಅಂಗಿಯ ತುದಿ ಹಿಡಿದುಕೊಂಡು ನಿಂತಿದ್ದಳು. ಅವಳು ಅಷ್ಟು ಹಿಡಿಯುವಂತಾಗಲು ವರ್ಷವೇ ಹಿಡಿದಿತ್ತು. ಇನ್ನೆರಡು ವರ್ಷ ಬಿಟ್ಟರೆ ಮತ್ತೆ ಮಾಮಾ ಆಗುತ್ತಾರೆ. ಅದರ ಮುಂದೆ ಈ ಹೆದರಿಕೆ ಸಣ್ಣದಾಗಿ ಕಂಡಿತು. "ತೂಕ ನೋಡಿ ಕಳಿಸಾಕ ನಾ ಏನು ಭತ್ತದ ಚೀಲ ಅಲ್ಲ. ಟಿಕೀಟು ಮೂರು ಅದಾವು, ಮೂವರೂ ಹೋಗೂಣು" ಎಂದು ಆಟೋದಲ್ಲಿ ಹೋಗಿ ಕುಂತೆ. ರೊಟ್ಟಿ, ಹಿಟ್ಟು, ಕುಟ್ಟಣಿ ಎಲ್ಲ ಶಾಂತಕ್ಕನ ಪಾಲಾದವು.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಹತ್ತೊಂಬತ್ತು ಕಿಲೋ ತೂಗಿತು. ಇನ್ನೂ ಒಯ್ಯಬಹುದಿತ್ತಲ್ಲ ಎಂದು ಅಲ್ಲಿಯ ಹುಡುಗಿ ಕೇಳಿದಾಗ, ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೊದಲ ತಿಂಗಳು ಆ ಊರಿನಲ್ಲಿ ಜೋಳದ ರೊಟ್ಟಿಗೆ ಬಾಯಿ ಬಿಟ್ಟುಕೊಂಡು ಇದ್ದದ್ದು ಬೇರೆ ಕತೆ. ಅಲ್ಲಿಯ ದವಾಖಾನೆಯಲ್ಲಿ ನರ್ಸಮ್ಮ ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಕಣ್ಣು ಮುಚ್ಚಿ ನಿಂತೆ. ಎಂದಿನಷ್ಟೇ ಇದ್ದೆ; ತುಸು ಹೆಚ್ಚೇ ಎಂದು ಬೈಸಿಕೊಂಡೆ.

ನಾವು ಅಲ್ಲಿಗೆ ಹೋಗಿ ಈಗ ನಾಲ್ಕನೆಯ ವರ್ಷ ನಡೆದಿದೆ. ನೆಲ ಒಲ್ಲೆ ಅನ್ನಲಿಲ್ಲ. ಗೌರಿ ಅಲ್ಲಿಯ ಮಾತನ್ನು ನಮಗಿಂತ ಚೆನ್ನಾಗಿ ಆಡುತ್ತಾಳೆ, ಅಪ್ಪನ ತಟ್ಟೆಯಲ್ಲೇ ಉಣ್ಣುತ್ತಾಳೆ. ಆ ಕಾಟಾ ಇವತ್ತಿಗೂ ಮಿಲ್ಲಿನಲ್ಲಿದೆ. ಅದರಲ್ಲಿ ತೂಗಿಸಿಕೊಂಡ ಯಾವ ರೈತನೂ ತಕರಾರು ಮಾಡಿದ್ದಿಲ್ಲವಂತೆ. ಕೀಲಿನಲ್ಲಿ ಧೂಳು ಕುಂತಿದ್ದೀತು ಎಂದು ನಾನೇ ಎಷ್ಟೋ ಸಲ ಹೇಳಿ ನೋಡಿದ್ದೇನೆ. ಇವರು ಮಾತು ಬೇರೆ ಕಡೆ ತಿರುಗಿಸುತ್ತಾರೆ. ನನಗೂ ಅದರ ಅರ್ಥ ಇವತ್ತಿನವರೆಗೆ ತಿಳಿದಿಲ್ಲ.

ಒಂದು ಮಾತ್ರ ಬದಲಾಗಿದೆ. ಲಗ್ನವಾದಾಗಿನಿಂದ ನಾಲ್ಕು ಜನರ ಮುಂದೆ ನನ್ನ ಪಕ್ಕ ನಡೆಯಲಿಕ್ಕೂ ನಾಚುತ್ತಿದ್ದ ಮನುಷ್ಯ, ಈಗ ಸಂತೆಗೆ ಹೋದಾಗ ನನ್ನ ಮುಂಗೈ ಹಿಡಿದುಕೊಳ್ಳುತ್ತಾರೆ. ಬಳೆ ಒತ್ತಿ ಗುರುತು ಬೀಳುವಷ್ಟು ಗಟ್ಟಿ. ಗಾಳಿ ಬೀಸುವ ದಿನ ಇನ್ನೂ ಗಟ್ಟಿ. ಯಾಕೆಂದು ನಾನು ಕೇಳಿಲ್ಲ.