ಅಕ್ಕ ಬಿಟ್ಟ ಶೇಂಗಾ

ನಮ್ಮ ಅಕ್ಕ ಶೇಂಗಾ ತಿಂದು ಸತ್ತಳು. ಹೀಗೆಂದರೆ ಇವತ್ತಿಗೂ ಜನ ನನ್ನ ಮುಖ ನೋಡಿ, ಮುದುಕಿಗೆ ಅರಳು ಮರುಳು, ಏನೋ ಬಡಬಡಿಸುತ್ತಾಳೆ ಎಂದುಕೊಳ್ಳುತ್ತಾರೆ. ಟಿಕೋಟದ ಸೀಮೆಯಲ್ಲಿ ಶೇಂಗಾ ತಿಂದು ಯಾರಾದರೂ ಸಾಯುತ್ತಾರೆಯೇ? ರೊಟ್ಟಿಗೆ ಶೇಂಗಾ ಹಿಂಡಿ, ಬದನೆಕಾಯಿಗೆ ಶೇಂಗಾ ಪುಡಿ, ಪಂಚಮಿಗೆ ಶೇಂಗಾ ಉಂಡಿ, ದೊಡ್ಡ ಹಬ್ಬಕ್ಕೆ ಶೇಂಗಾ ಹೋಳಿಗೆ. ತಿನ್ನದವರು ಯಾರಿದ್ದರು? ಅಕ್ಕ ಒಬ್ಬಳೇ ಇದ್ದಳು.

ಸಣ್ಣವಳಿದ್ದಾಗಿನಿಂದಲೂ ಅದು ಬಾಯಿಗೆ ಹೋದರೆ ಅವಳ ತುಟಿ ಊದುತ್ತಿತ್ತು, ಮೈತುಂಬ ಕೆಂಪು ಗಂಧೆ ಏಳುತ್ತಿದ್ದವು. ನಮ್ಮಲ್ಲಿ ಅದಕ್ಕೆ ಪಿತ್ತ ಎದ್ದಿದೆ ಎನ್ನುತ್ತಿದ್ದರು. ಔಷಧ ಏನು ಗೊತ್ತೇ? ಕಂಬಳಿ! ಅವ್ವ ಒರಟು ಕಂಬಳಿಯಿಂದ ಅವಳ ಮೈಯನ್ನು ಚರ್ಮ ಸುಲಿದು ಹೋಗುವಂತೆ ತಿಕ್ಕುತ್ತಿದ್ದಳು. ಮನೆಯವರೆಲ್ಲ ಕೂತು ಶೇಂಗಾ ಸುಲಿಯುವಾಗ ಅಕ್ಕ ಕೈ ಕೆರೆದುಕೊಳ್ಳುತ್ತ ಎದ್ದರೆ, "ಮೈಗಳ್ಳಿ ಅದಾಳ ಬಿಡು" ಎಂದು ಅಜ್ಜಿ ಮೂಗು ಮುರಿಯುತ್ತಿದ್ದಳು.

ಒಂದು ಪಂಚಮಿಗೆ ಯಾರೋ ಒತ್ತಾಯದಿಂದ ಉಂಡಿ ತಿನ್ನಿಸಿದರು. ಕಣ್ಣು ಮುಚ್ಚುವಷ್ಟು ಮುಖ ಊದಿ, ಉಸಿರು ಸುಂಯ್‌ಗುಡತೊಡಗಿತು. ಅಪ್ಪ ಹೆದರಿ ಅವಳನ್ನೂ ನನ್ನನ್ನೂ ಬಸ್ಸಿಗೆ ಹತ್ತಿಸಿಕೊಂಡು ಬಿಜಾಪುರಕ್ಕೆ ಹೊರಟ. ಗಾಂಧಿ ಚೌಕದ ಹತ್ತಿರ ಒಬ್ಬ ಡಾಕ್ಟರು ಸೂಜಿ ಮಾಡಿದರು. ಅಕ್ಕನ ಉಸಿರು ಸರಿಯಾದ ಮೇಲೆ ಅಪ್ಪನನ್ನು ಎದುರಿಗೆ ಕೂರಿಸಿಕೊಂಡರು.

"ಇದು ಪಿತ್ತ ಅಲ್ಲ. ಇದಕ್ಕ ಅಲರ್ಜಿ ಅಂತಾರ. ಶೇಂಗಾ ಅಂದ್ರ ವಿಷ ಅಂತ ಇಕಿ ಮೈ ತಪ್ಪ ತಿಳಕೊಂಡೈತಿ. ಅದರ ಕೂಡ ಜಗಳಾಡಾಕ ಹೋಗಿ ತನ್ನ ಉಸಿರು ತಾನ ಕಟಗೋತೈತಿ."

"ಔಷಧ ಏನ್ರಿ ಇದಕ್ಕ?" ಎಂದ ಅಪ್ಪ.

"ತಿನ್ನದ ಇರೂದ ಔಷಧ. ಸೂಜಿ ಐತಿ ಖರೆ, ನೀವು ನನ್ನ ಹಂತೇಕ ಬಂದು ಮುಟ್ಟೂತನಾ ಜೀವ ನಿಲ್ಲಬೇಕಲ್ಲ? ಈ ಸಲ ಉಳದಾಳ. ಮುಂದಿನ ಸಲ ಇನ್ನೂ ಜೋರ ಆಗಬಹುದು. ಒಂದ ಕಾಳೂ ಬ್ಯಾಡ, ಜನ್ಮಪೂರ್ತಿ."

ಊರು ಮುಟ್ಟುವಷ್ಟರಲ್ಲಿ ಆ ಶಬ್ದ ಅಪ್ಪನ ಬಾಯಲ್ಲಿ ಮುರಿದು 'ಅರ್ಜಿ' ಆಗಿತ್ತು. "ನನ್ನ ಮಗಳಿಗೆ ಶೇಂಗಾದ ಅರ್ಜಿ ಐತಂತ" ಎಂದು ಕಟ್ಟೆಯ ಮೇಲೆ ಹೇಳಿದ. ಊರಿಗೆ ನಗಲು ಅಷ್ಟು ಸಾಕಾಯಿತು. "ಅರ್ಜಿ ಯಾರಿಗೆ ಕೊಟ್ಟೀರಿ, ಮಾಮಲೇದಾರಗೇನು?" ಎಂದು ಕೇಳಿ ಕೇಳಿ ನಕ್ಕರು. ಆದರೂ ಅಪ್ಪ ಬದುಕಿರುವವರೆಗೆ ಅವಳ ತಾಟಿನಲ್ಲಿ ಒಂದು ಕಾಳು ಬೀಳಲು ಬಿಡಲಿಲ್ಲ. ಆಮೇಲೆ ಅವನು ತೀರಿಕೊಂಡ. ಎರಡು ಹೆಣ್ಣುಮಕ್ಕಳನ್ನು ದಡ ಮುಟ್ಟಿಸುವ ಭಾರ ಅವ್ವನ ತಲೆಯ ಮೇಲೆ ಬಿತ್ತು.

ಬಬಲೇಶ್ವರದಿಂದ ಅಕ್ಕನನ್ನು ನೋಡಲು ಬಂದರು. ಒಳ್ಳೆಯ ಮನೆತನ. ಹುಡುಗನ ತಾಯಿ ಫರಾಳದ ತಾಟಿನಿಂದ ಒಂದು ಶೇಂಗಾ ಉಂಡಿ ಎತ್ತಿ ಅಕ್ಕನ ಕೈಗೆ ಕೊಟ್ಟು, "ನೀನೂ ತಿನ್ನವಾ" ಎಂದರು. ಅಕ್ಕ ಅದನ್ನು ಹಿಡಿದುಕೊಂಡು ಅವ್ವನ ಮುಖ ನೋಡಿದಳು.

"ಅಕಿ ಶೇಂಗಾ ಬಿಟ್ಟಾಳ್ರಿ" ಎಂದಳು ಅವ್ವ.

ನಮ್ಮ ಕಡೆ 'ಬಿಡುವುದು' ಎಂದರೆ ಸಣ್ಣ ಮಾತಲ್ಲ. ದೇವರಿಗೆ ಬೇಡಿಕೊಂಡು, ನಾಲಿಗೆಗೆ ಇಷ್ಟವಾದದ್ದನ್ನು ಬಿಡುವುದು. ಬಿಟ್ಟವರಿಗೆ ಯಾರೂ ಒತ್ತಾಯ ಮಾಡುವುದಿಲ್ಲ, ಕೈ ಮುಗಿಯುತ್ತಾರೆ. ಬೇನೆ ಇದ್ದ ಹುಡುಗಿಯನ್ನು ಯಾರೂ ಮಾಡಿಕೊಳ್ಳುತ್ತಿರಲಿಲ್ಲ. ಹರಕೆ ಹೊತ್ತವಳಾದರೆ ಎಲ್ಲರಿಗೂ ಬೇಕು. ಎಂಥ ತಲೆ ನಮ್ಮ ಅವ್ವನದು! ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಅಕ್ಕ ಇವತ್ತು ನನ್ನ ಪಕ್ಕದಲ್ಲಿ ಕೂತಿರುತ್ತಿದ್ದಳೋ ಏನೋ. ಆದರೆ ಹುಡುಗನ ತಾಯಿ, "ಯಾತಕ್ಕ ಬಿಟ್ಟಾಳ್ರಿ, ಇಷ್ಟ ಸಣ್ಣ ವಯಸ್ಸಿನ್ಯಾಗ?" ಎಂದು ಕೇಳಿದರು. ಅವ್ವನಿಗೆ ಹುರುಪು ಬಂತು.

"ಕೊಟ್ಟ ಮನ್ಯಾಗ ಮೊದಲನೇದು ಗಂಡ ಹುಟ್ಟಲಿ ಅಂತ್ರಿ. ಅಲ್ಲೀತನಾ ಮುಟ್ಟಂಗಿಲ್ಲ ಅಂತ ಆಣಿ ಮಾಡ್ಯಾಳ."

ಹುಡುಗನ ತಾಯಿಯ ಕಣ್ಣಲ್ಲಿ ನೀರು ಬಂತು. ಲಗ್ನ ಅಲ್ಲೇ ನಿಕ್ಕಿಯಾಯಿತು.

ಬಬಲೇಶ್ವರದಲ್ಲಿ ಅಕ್ಕ ಸುಖವಾಗಿದ್ದಳು, ಸುಳ್ಳು ಯಾಕೆ ಹೇಳಲಿ? ಸೊಸೆಯ ವ್ರತ ಕೆಡಬಾರದೆಂದು ಅತ್ತೆ ಅವಳಿಗೆ ಕುಸುಬಿ ಎಣ್ಣೆಯಲ್ಲಿ ಬೇರೆ ಅಡುಗೆ ಮಾಡುತ್ತಿದ್ದರು. ಅವಳ ಪಾತ್ರೆ ಬೇರೆ, ಸೌಟು ಬೇರೆ. ಶೇಂಗಾ ಕುಟ್ಟಿದ ಒರಳಿನ ಹತ್ತಿರ ಅವಳನ್ನು ಸುಳಿಯಗೊಡುತ್ತಿರಲಿಲ್ಲ. ಡಾಕ್ಟರು ಹೇಳಿದ್ದ ಪಥ್ಯವನ್ನು ಅವರ ಹೆಸರೂ ಕೇಳದ ಹೆಂಗಸು ನಡೆಸಿದಳು. ಬೇನೆ ಎಂದಿದ್ದರೆ ಇದರಲ್ಲಿ ಕಾಲುಭಾಗವನ್ನೂ ಮಾಡುತ್ತಿರಲಿಲ್ಲ. ದೇವರ ಹೆಸರಿಗೆ ಸಿಗುವ ಮರ್ಯಾದೆ ಹೆಣ್ಣಿನ ಜೀವಕ್ಕೆ ಸಿಗುವುದಿಲ್ಲ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಅಕ್ಕ ಹೆರಿಗೆಗೆಂದು ಟಿಕೋಟಕ್ಕೆ ಬಂದಳು. ಗಂಡು ಹುಟ್ಟಿತು. ಓಣಿಗೆಲ್ಲ ಸಕ್ಕರೆ ಹಂಚಿದರು, ಬಾಣಂತಿ ಮಾತ್ರ ಗೋಡೆಯ ಕಡೆ ಮುಖ ಮಾಡಿ ಅತ್ತಳು. ಮಗುವನ್ನು ಎತ್ತಿಕೊಂಡು ಬಬಲೇಶ್ವರಕ್ಕೆ ಬರುವ ದಿನ ಗುಡಿಯಲ್ಲಿ ಹರಕೆ ಮುಟ್ಟಿಸುವುದಾಗಿ, ಸೊಸೆಗೆ ತಾವೇ ಶೇಂಗಾ ಹೋಳಿಗೆಯ ತುತ್ತು ಇಡುವುದಾಗಿ ಅತ್ತೆ ಹೇಳಿ ಕಳಿಸಿದ್ದರು.

"ಯವ್ವಾ, ಈಗರೆ ಖರೇ ಹೇಳಬೇ" ಎಂದು ಅಕ್ಕ ಅವ್ವನ ಕೈ ಹಿಡಿದುಕೊಂಡಳು.

"ಏನಂತ ಹೇಳ್ಲಿ? ದೇವರ ಹೆಸರಿಲೆ ಸುಳ್ಳ ಹೇಳಿ ಕೊಟ್ಟೀವಿ ಅಂತನಾ? ಕೂಸನ್ನ ಇಟಗೊಂಡು ನಿನ್ನ ಹೊರಗ ಹಾಕ್ತಾರ. ಇಕಿಗೆ ಗಂಡು ನೋಡಾಕತ್ತೇನಿ, ಇಕಿದೂ ಕೆಡತೈತಿ" ಎಂದು ಅವ್ವ ನನ್ನತ್ತ ಬೆರಳು ಮಾಡಿದಳು. "ತುಟಿಗೆ ಹಚ್ಚಿಕೊಂಡಂಗ ಮಾಡು, ಸೆರಗಿನ್ಯಾಗ ಉಗುಳು. ಅಷ್ಟೂ ತಿಳಿಯಂಗಿಲ್ಲೇನ ನಿನಗ?"

ಬಬಲೇಶ್ವರದ ಗುಡಿಯಲ್ಲಿ ಬೀಗರು, ಓಣಿಯವರು ತುಂಬಿದ್ದರು. ಮಂಗಳಾರತಿ ಆಯಿತು. ಅತ್ತೆ ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ದೇವರಿಗೆ ತೋರಿಸಿ ಅಕ್ಕನ ಬಾಯಿಯ ಹತ್ತಿರ ತಂದರು. "ನನ್ನ ಮನಿ ಬೆಳಗಿದಿ ನನ್ನವ್ವಾ. ತಿನ್ನು" ಎಂದರು. ಇನ್ನೊಂದು ಕೈಯಿಂದ ಅವಳ ಗಲ್ಲ ಸವರಿದರು. ಅಷ್ಟು ಪ್ರೀತಿ.

ನನಗೆ ತಡೆಯಲಾಗಲಿಲ್ಲ. "ಅಕಿಗೆ ಕೊಡಬ್ಯಾಡ್ರಿ! ಅದು ಹರಕಿ ಅಲ್ರಿ, ಬ್ಯಾನಿ ಐತ್ರಿ ಅಕಿಗೆ!" ಎಂದು ಒದರಿದೆ. ಅವ್ವ ಎಲ್ಲರ ಮುಂದೆ ನನ್ನ ಕಪಾಳಕ್ಕೆ ಹೊಡೆದಳು. "ಅಕ್ಕನ ಮ್ಯಾಲೆ ಹೊಟ್ಟಿಕಿಚ್ಚು ಇಕಿಗೆ. ತಾ ಇನ್ನೂ ಲಗ್ನ ಇಲ್ಲದ ಹಂಗ ಕುಂತಾಳಲ್ಲ, ಅದಕ್ಕ" ಎಂದು ನಕ್ಕಳು. ಜನರೂ ನಕ್ಕರು. ಅವ್ವ ಆಮೇಲೆ ಅಕ್ಕನ ಕಡೆ ತಿರುಗಿ, "ದೇವರ ಪ್ರಸಾದ ಐತಿ. ಏನೂ ಆಗಂಗಿಲ್ಲ, ನುಂಗು" ಎಂದಳು. ಎಲ್ಲರ ಕಣ್ಣೂ ಅವಳ ಬಾಯಿಯ ಮೇಲಿತ್ತು. ದೇವರ ಎದುರಿಗೆ ಪ್ರಸಾದ ಉಗುಳುವ ಎದೆ ಯಾವ ಸೊಸೆಗಿದೆ? ಅಕ್ಕ ನುಂಗಿದಳು.

ಮೊದಲು ಅವಳು ಕತ್ತು ಕೆರೆದುಕೊಂಡಳು. ಆಮೇಲೆ ಮುಖ ಕೆಂಪಾಯಿತು, ಮೈ ನಡುಗಿತು, ಗಂಟಲಿನಿಂದ ಏನೋ ಸ್ವರ ಹೊರಟಿತು. ಯಾರೋ "ಮೈಮ್ಯಾಲೆ ದೇವರು ಬಂದೈತಿ!" ಎಂದು ಕೂಗಿದರು. ಹೆಂಗಸರು ಅಡ್ಡಬಿದ್ದರು, ಹಣೆಗೆ ಭಂಡಾರ ಬಳಿದರು, ಗಂಟೆ ಬಾರಿಸಿದರು. ಉಸಿರಿಗೆ ಒದ್ದಾಡುವವಳ ಮುಂದೆ ಒಬ್ಬಳು ಬಂದು, ತನ್ನ ಮಗಳ ಲಗ್ನ ಯಾವಾಗ ಆಗುತ್ತದೆಂದು ಕೇಳಿದಳು! ನಾನು ಜನರನ್ನು ನೂಕಿ, ಅಕ್ಕನ ಗಂಡನ ಅಂಗಿ ಹಿಡಿದು ಎಳೆದೆ, ಬಿಜಾಪುರಕ್ಕೆ ನಡೆಯಿರೆಂದು ಚೀರಿದೆ. ಅವನಿಗೆ ತಿಳಿಯುವಷ್ಟರಲ್ಲಿ, ಜೀಪು ಹುಡುಕುವಷ್ಟರಲ್ಲಿ ಅಕ್ಕನ ಉಗುರು ನೀಲಿಯಾಗಿದ್ದವು. ಜೀಪು ಊರು ದಾಟಿ ಸ್ವಲ್ಪ ದೂರ ಹೋಗಿ, ತಿರುಗಿ ಬಂತು.

ಮಣ್ಣಾದ ಮೇಲೆ ಅತ್ತೆ ಹಣೆ ಚಚ್ಚಿಕೊಂಡು ಅತ್ತರು. ಹರಕೆ ಮುಟ್ಟಿಸುವುದರಲ್ಲಿ ತಾವೇ ಏನೋ ತಪ್ಪಿದೆವು, ಅದಕ್ಕೇ ದೇವರು ಮುನಿದ ಎಂದು ಬಂದವರಿಗೆಲ್ಲ ಹೇಳಿದರು. ಪಕ್ಕದಲ್ಲೇ ಕೂತ ಅವ್ವ ಅದನ್ನೂ ಕೇಳಿಸಿಕೊಂಡು ಸುಮ್ಮನಿದ್ದಳು. ನಾನು ಹೇಳಿದರೆ ಹುಚ್ಚು ಹಿಡಿದಿದೆ ಎಂದು ಒಳಗೆ ಕಳಿಸಿದರು.

ಎಡೆ ಇಡುವ ದಿನ ಸಮಾಧಿಗೆ ಹೋದೆವು. ಅತ್ತೆ ಬುಟ್ಟಿ ಬಿಚ್ಚಿದರು. ಅದರ ತುಂಬ ಶೇಂಗಾ ಹೋಳಿಗೆ.

"ನನ್ನ ಸೊಸಿ ಬಾಯಿ ಕಟ್ಟಿ ಕಟ್ಟಿ ಹ್ವಾದಳು. ಒಂದ ತುತ್ತ ಉಂಡಳು, ಅಷ್ಟ. ಅಲ್ಲೆರ ಹೊಟ್ಟಿತುಂಬ ತಿನ್ನಲಿ" ಎನ್ನುತ್ತ ಒಂದೊಂದಾಗಿ ಮಣ್ಣಿನ ಮೇಲೆ ಇಟ್ಟರು. ಆಮೇಲೆ ಬುಟ್ಟಿಯನ್ನು ಅವ್ವನ ಕಡೆ ಸರಿಸಿದರು. "ಹಡದಾಕಿ ನೀವು, ಅಕ್ಕಾರ. ನಿಮ್ಮ ಕೈಲೆ ಒಂದ ಇಡ್ರಿ."

ಅವ್ವ ನನ್ನನ್ನು ನೋಡಿದಳು. ನಾನೂ ನೋಡಿದೆ. ಬುಟ್ಟಿಗೆ ಕೈ ಹಾಕಿ ಒಂದು ಹೋಳಿಗೆ ತೆಗೆದುಕೊಂಡಳು, ಅದರ ಮೇಲೆ ತುಪ್ಪ ಹಾಕಿ ಮಣ್ಣಿನ ಮೇಲೆ ಇಟ್ಟಳು.

"ತಿನ್ನವಾ" ಎಂದಳು.